ನೋವು ನಿಂತ ಹಲ್ಲಿಗೆ ಕಾಲಂ ಎಲ್ಲಿದೆ?

ದಂತ ವಿಭಾಗದ ಮಾನ್ಯ ಮುಖ್ಯಸ್ಥರೇ,

ಐದನೇ ಕ್ಲಾಸಿಗೆ ಶಾಲೆ ಬಿಟ್ಟವನ ಕೈಗೆ ಈ ವಯಸ್ಸಿನಲ್ಲಿ ಪೆನ್ನು ಹಿಡಿಸಿದ್ದೀರಿ, ನಿಮಗೆ ಒಳ್ಳೆಯದಾಗಲಿ. ಎರಡು ಸಲ ಬಂದು ಬಾಯಲ್ಲಿ ಹೇಳಿದೆ. "ಬರೆದು ಕೊಡಿ" ಎಂದರು. ಬರೆದಿದ್ದೇನೆ, ಊರೆಲ್ಲ ಓದಲಿ. ನಿಮ್ಮ ಆಸ್ಪತ್ರೆಯ ಚೀಟಿಯಲ್ಲಿ ಇರುವುದು ಒಂದೇ ಪ್ರಶ್ನೆ: ಹಲ್ಲುನೋವು ಇದೆಯೇ? ಆ ಪ್ರಶ್ನೆ ನನ್ನ ತಮ್ಮನ ಜೀವ ತೆಗೆಯುವುದರಲ್ಲಿತ್ತು.

ನಾನೂ ಅವನೂ ಕುರ್ಚಿ, ಸೋಫಾಗಳಿಗೆ ಮೆತ್ತೆ ಕೂರಿಸಿ ಬಟ್ಟೆ ಹೊಡೆಯುವವರು. ಸಣ್ಣ ಮೊಳೆಗಳನ್ನು ಬಾಯಲ್ಲಿ ಹಿಡಿದು ಒಂದೊಂದೇ ತೆಗೆದು ಹೊಡೆಯುವುದು ನಮ್ಮ ಕಸುಬಿನ ಚಾಳಿ. ಅವನ ದವಡೆ ಹಲ್ಲೊಂದು ಹುಳುಕಾಗಿತ್ತು. ತಣ್ಣನೆ ಮೊಳೆ ತಗಲಿದರೆ ಕುಣಿಯುತ್ತಿದ್ದ. ಹದಿನೈದು ದಿನ ಕುಣಿದವನು ಒಂದು ಬೆಳಿಗ್ಗೆ ಹಲ್ಲುಕಿರಿದು ನಿಂತ.

"ಅಣ್ಣಾ, ನೋಡು, ಮೊಳೆ ಕಚ್ಚಿದ್ರೂ ಏನೂ ಆಗ್ತಿಲ್ಲ!"

"ವಾಸಿಯಾಯ್ತು ಬಿಡು. ಇನ್ನಾದ್ರೂ ನೆಪ ಹೇಳ್ದೆ ಕೆಲಸ ಮಾಡು," ಎಂದೆ.

ಹಲ್ಲಿನೊಳಗೆ ನರ ಸತ್ತಿತ್ತು, ಕೀವು ಕೆಳಗಿಳಿಯುತ್ತಿತ್ತು. ನಾನು ಕತ್ತೆ, ಒಪ್ಪಿದೆ. ನನಗೆ ಗೊತ್ತಿರುವುದು ಮೊಳೆ. ನಿಮಗೆ?

ಮೂರನೇ ದಿನ ಕೆನ್ನೆ ಊದಿತು, ಜ್ವರ ಬಂತು, ಬಾಯಿ ನಾರಿತು, ಎರಡು ಬೆರಳು ತೂರುವಷ್ಟೂ ತೆರೆಯದಾಯಿತು. ನಿಮ್ಮಲ್ಲಿಗೆ ಕರೆತಂದೆ. ಕೌಂಟರಿನ ಹೆಣ್ಣುಮಗಳು ತಲೆಯೆತ್ತಲಿಲ್ಲ.

"ಹಲ್ಲುನೋವಿದೆಯಾ?"

"ನೋವು ನಿಂತೋಯ್ತಮ್ಮ. ಆದ್ರೆ ಮುಖ ನೋಡು, ಕುಂಬಳಕಾಯಿ ಆಗಿದೆ."

"ನೋವಿಲ್ಲ ಅಂದ್ರೆ ಸೋಮವಾರ ಬನ್ನಿ. ಊತಕ್ಕೆ ಇಲ್ಲಿ ಕಾಲಂ ಇಲ್ಲ, ಅಜ್ಜಾ."

"ನಿಂಗೆ ಕಣ್ಣಾದ್ರೂ ಇದೆಯೋ ಇಲ್ವೋ?"

ಅಷ್ಟಕ್ಕೇ ಕಾವಲುಗಾರ ಬಂದು ನನ್ನ ರಟ್ಟೆ ಹಿಡಿದ. ಮರುದಿನ ತಮ್ಮನಿಗೆ ಉಗುಳು ನುಂಗಲೂ ಆಗದೆ ಉಸಿರು ಕಟ್ಟಿತು. ಬೇರೆ ಆಸ್ಪತ್ರೆಯಲ್ಲಿ ಕತ್ತು ಕೊಯ್ದು ಕೀವು ತೆಗೆದರು. "ಇನ್ನೊಂದು ಗಂಟೆ ತಡವಾಗಿದ್ರೆ..." ಎಂದರು ಡಾಕ್ಟರಮ್ಮ. ಬದುಕಿದ, ನಿಮ್ಮ ದಯೆಯಿಂದಲ್ಲ.

ನೋವು ಹೋದರೆ ರೋಗವೂ ಹೋಯಿತೆಂದು ಮೊಳೆ ಕಚ್ಚುವವರು ತಿಳಿಯಬಹುದು. ಹಲ್ಲನ್ನೇ ವರ್ಷಗಟ್ಟಲೆ ಓದಿದವರ ಚೀಟಿಯೂ ಹಾಗೇ ತಿಳಿಯಬೇಕೆ? ಹಾಗಾದರೆ ನಾನು ಶಾಲೆ ಬಿಟ್ಟು ಕಳೆದುಕೊಂಡದ್ದೇನು?

ಊತ, ಜ್ವರ, ಬಾಯಲ್ಲಿ ಕೀವಿನ ರುಚಿ, ಬಾಯಿ ತೆರೆಯದಿರುವುದು, ನುಂಗಲಾಗದಿರುವುದು, ಇಷ್ಟನ್ನೂ ಚೀಟಿಗೆ ಸೇರಿಸಿ, ಗೋಡೆಯ ಮೇಲೂ ದಪ್ಪ ಅಕ್ಷರದಲ್ಲಿ ಬರೆಸಿ. "ನೋವು ಇದ್ದಕ್ಕಿದ್ದಂತೆ ನಿಂತಿತೇ?" ಎಂಬುದು ಮೊದಲ ಸಾಲಿನಲ್ಲಿರಲಿ. ನಿಮ್ಮ ಕೋಣೆಯ ಕುರ್ಚಿಗೆ ಮೆತ್ತೆ ಹೊಡೆದವನು ಆ ತಮ್ಮನೇ. ಆರಾಮವಾಗಿ ಕೂತೇ ಉತ್ತರ ಬರೆಯಿರಿ. ಬರುವ ತಿಂಗಳು ಹತ್ತನೇ ತಾರೀಕಿನೊಳಗೆ ಅದು ನನ್ನ ಕೈಯಲ್ಲಿರಬೇಕು.

ಇಂತಿ,
"ವಾಸಿಯಾಯ್ತು ಬಿಡು" ಎಂದ ಅಣ್ಣ