ಶಾಲಿನೊಳಗಿನ ದಾರ

ಫೆಬ್ರವರಿ 9, ಭಾನುವಾರ

ನಮ್ಮವರು, ರಾಜಶೇಖರ್, ಊಟ ಮುಗಿಸಿ ಡೆಟ್ರಾಯಿಟ್ ಕಡೆಯ ಸ್ಟರ್ಲಿಂಗ್ ಹೈಟ್ಸ್‌ಗೆ ಹೊರಟರು. ವಾರವಿಡೀ ಅಲ್ಲಿಯ ಪ್ಲಾಂಟಿನಲ್ಲಿ ಕೆಲಸ, ವೀಕೆಂಡಿಗೆ ಹಾಫ್‌ಮನ್ ಎಸ್ಟೇಟ್ಸಿನ ಈ ಮನೆ. ರೊಟ್ಟಿ ಕಟ್ಟಿಕೊಟ್ಟೆ. ಶೇಂಗಾ ಚಟ್ನಿಪುಡಿ ಬಿಟ್ಟು ಹೋಗಿದ್ದಾರೆ. ಇನ್ನು ವಾರಪೂರ್ತಿ ಅದೇ ರಾಗ — ಚಟ್ನಿಪುಡಿ ಇಲ್ಲ, ಚಟ್ನಿಪುಡಿ ಇಲ್ಲ.

ಡ್ರೈವ್‌ವೇ ಸ್ನೋ ತೆಗೆದೆ. ಸೊಂಟ ಹಿಡಿಯಿತು. ಲೈಬ್ರರಿಯಿಂದ ತಂದ ಡಿವಿಡಿ ಹಾಕಿಕೊಂಡು ಕೂತೆ. ಅದೇ ಹಳೆಯ ಬ್ರಿಟಿಷ್ ಕಾಮಿಡಿ. ಮುದಿ ಬಿಷಪ್ಪು, ಕಿರಿಯ ಪಾದ್ರಿ, ಸದಾ ಮೂಗು ತೂರಿಸುವ ಮೇಲಿನ ಪಾದ್ರಿಗಳು. ಮದುವೆಯಾಗಿ ಅಮೆರಿಕಾಕ್ಕೆ ಬಂದ ಹೊಸದರಲ್ಲಿ ಪಬ್ಲಿಕ್ ಟೀವಿಯಲ್ಲಿ ಬರುತ್ತಿತ್ತು. ಅರ್ಧ ಇಂಗ್ಲಿಷು ತಿಳಿಯುತ್ತಿರಲಿಲ್ಲ. ಆದರೂ ನಗುತ್ತಿದ್ದೆ... ಥೇಟ್ ನಮ್ಮೂರ ಮಠ! ಯಾರು ಮುಂದಿನ ಸಾಲು, ಯಾರು ಹಿಂದಿನ ಸಾಲು, ಯಾರ ಹಾರ ದೊಡ್ಡದು — ಎಲ್ಲ ಅದೇ.

ಇವತ್ತಿನ ಎಪಿಸೋಡು: ಬಿಷಪ್ಪನಿಗೆ ಮರೆವು. ತನ್ನ ಹೆಸರೂ ನೆನಪಿಲ್ಲ. ದೊಡ್ಡವರು ನೋಡಲು ಬರುತ್ತಾರೆ. ಕಿರಿಯ ಪಾದ್ರಿ ಅವನ ಟೋಪಿಗೆ ದಾರ ಕಟ್ಟಿ, ಪರದೆಯ ಹಿಂದೆ ಕೂತು ಜಗ್ಗುತ್ತಾನೆ. ಬಿಷಪ್ಪ ಎಲ್ಲದಕ್ಕೂ ಹೂಂ ಹೂಂ ಎಂದು ತಲೆ ಆಡಿಸುತ್ತಾನೆ. ಹೊಟ್ಟೆ ಹಿಡಿದುಕೊಂಡು ನಕ್ಕೆ. ಸೊಂಟ ಇನ್ನಷ್ಟು ಹಿಡಿಯಿತು.

ಫೆಬ್ರವರಿ 12

ಫಾರ್ಮಸಿಯಲ್ಲಿ ಉಸಿರಾಡಲು ಪುರುಸೊತ್ತಿಲ್ಲ. ಊರಿಗೆಲ್ಲ ಫ್ಲೂ.

ಕನ್ನಡ ಸಂಘದ ವತ್ಸಲಾ ಆಂಟಿ ಫೋನು. "ಗುರುದೇವಿ, ಯುಗಾದಿಗೆ ಒಂದು ಸ್ಕಿಟ್ ಬರೆದುಕೊಡಮ್ಮ. ಹೋದ ವರ್ಷದ ಗಂಡ-ಹೆಂಡ್ತಿ ಜೋಕು ಮಾತ್ರ ಬೇಡ, ಜನ ಎದ್ದು ಹೋದ್ರು."

ಹೂಂ ಅಂದುಬಿಟ್ಟೆ. ಬಿಷಪ್ಪ ತಲೆಯಲ್ಲಿ ಕೂತಿದ್ದಾನಲ್ಲ.

ಮಾರ್ಚ್ 2, ಭಾನುವಾರ

ಸ್ಕಿಟ್ ಮುಗಿಯಿತು. ಬಿಷಪ್ಪ ಈಗ 'ಅಜ್ಜಾರು' — ನಮ್ಮ ಕಡೆ ಮಠದ ಸ್ವಾಮಿಗಳನ್ನು ಕರೆಯುವುದೇ ಹಾಗೆ. ಟೋಪಿ ಹೋಗಿ ತಲೆಯ ಮೇಲೆ ಹೊದ್ದ ಕಾವಿ ಶಾಲು ಬಂತು. ಶಾಲಿನೊಳಗೆ ದಾರ. ಜಗ್ಗುವವನು ಸೇವೆಯ ಶಿಷ್ಯ. ಕೊನೆಗೆ ಅವನು ಎಲ್ಲರೆದುರು ನಿಜ ಒಪ್ಪಿಕೊಳ್ಳುತ್ತಾನೆ, ಎಲ್ಲರೂ ನಗುತ್ತಾರೆ. ಅಜ್ಜಾರ ಪಾತ್ರ ರಾಜಶೇಖರ್‌ಗೆ. ಮಾತಿಲ್ಲದ ಪಾರ್ಟು, ಮನೆಯಲ್ಲಿ ಪ್ರಾಕ್ಟೀಸ್ ಆಗಿದೆ.

ದೇವೇಂದ್ರ ಫೋನ್ ಮಾಡಿದ್ದ. ಅಪ್ಪ, ಅವ್ವ ಹೋದ ಮೇಲೆ ನನ್ನ ತಮ್ಮನಿಗೆ ನಮ್ಮೂರ ಮಠವೇ ಮನೆ. ನಿಜವಾದ ಅಜ್ಜಾರಿಗೆ ಸ್ನಾನ ಮಾಡಿಸುವುದು, ಉಣಿಸುವುದು, ಬೆನ್ನ ಹಿಂದೆ ಕೂತು ಚಾಮರ ಬೀಸುವುದು ಎಲ್ಲ ಇವನೇ.

"ಅಜ್ಜಾರು ಹೆಂಗದಾರೋ?"

"ಆರಾಮ ಅದಾರ ಅಕ್ಕಾ. ಅಲ್ಲೆ ಇನ್ನೂ ಹಿಮ ಬೀಳ್ತದೇನ?"

ಸ್ಕಿಟ್ ವಿಷಯ ಹೇಳಲಿಲ್ಲ. ವಿಡಿಯೋ ಕಳಿಸಿ ನಗಿಸೋಣ ಎಂದು.

ಏಪ್ರಿಲ್ 5, ಶನಿವಾರ

ಸಂಘದ ಯುಗಾದಿ ಕಾರ್ಯಕ್ರಮ. ಹಾಲ್ ಫುಲ್. ನಮ್ಮವರು ತಲೆ ಆಡಿಸಿದ್ದೇ ತಡ, ಜನ ಕುರ್ಚಿಯಲ್ಲಿ ಕೂರಲಾರದೆ ನಕ್ಕರು. ವತ್ಸಲಾ ಆಂಟಿ ಕಣ್ಣೊರೆಸಿಕೊಂಡು ಬಂದು ಕೈ ಹಿಡಿದರು. ಯಾರೋ ಆಗಲೇ ವಾಟ್ಸಾಪಿಗೆ ಹಾಕಿಯೂ ಆಯ್ತಂತೆ. ಕಾಲು ನೆಲದ ಮೇಲಿಲ್ಲ ನನಗೆ.

ಏಪ್ರಿಲ್ 8, ಬೆಳಿಗ್ಗೆ

ಕೆಲಸಕ್ಕೆ ರಜೆ ಹಾಕಿದೆ.

ದೇವೇಂದ್ರನ ಫೋನು. ಪಿಸುಮಾತು. "ಅಕ್ಕಾ, ದಾರದ ಸುದ್ದಿ ನಿನಗ ಯಾರು ಹೇಳಿದ್ರು?"

"ಯಾವ ದಾರನೋ?"

"ನಿನ್ನ ನಾಟಕದಾಗಿಂದು. ಶಾಲಿನ ಒಳಗಿಂದು."

"ಅಯ್ಯ ಹುಚ್ಚಪ್ಪಾ, ಅದು ಇಂಗ್ಲಿಷ್ ಸೀರಿಯಲ್ದಾಗಿಂದು."

ಇನ್ನೂ ಮೆಲ್ಲಗೆ ಹೇಳಿದ, "ಅಕ್ಕಾ... ಆ ದಾರ ನನ್ನ ಕೈಯಾಗ ಇರ್ತದ."

ದೀಪಾವಳಿಯಿಂದ ಅಜ್ಜಾರಿಗೆ ಯಾರ ಗುರುತೂ ಇಲ್ಲವಂತೆ. ಮಠದ ಆಡಳಿತದವರು ಹೊರಗೆ ಸುಳಿವು ಬಿಟ್ಟಿಲ್ಲ. ಭಕ್ತರು ಬಂದರೆ ದೂರದಿಂದಲೇ ದರ್ಶನ. ಬೆನ್ನ ಹಿಂದೆ ಇವನು. ಜಗ್ಗಿದರೆ ತಲೆ ಬಾಗುತ್ತದೆ, ಭಕ್ತರು ಆಶೀರ್ವಾದ ಸಿಕ್ಕಿತೆಂದು ಹೋಗುತ್ತಾರೆ. ಬಸವ ಜಯಂತಿಯ ದಿನ ಆಡಳಿತದವರ ಕಡೆಯ ಹುಡುಗನಿಗೆ ಪಟ್ಟ. ಒಪ್ಪಿಗೆಯೇ ಎಂದು ಸಭೆಯಲ್ಲಿ ಅಜ್ಜಾರನ್ನು ಕೇಳುತ್ತಾರಂತೆ.

"ಅವತ್ತೂ ನಾನ ಜಗ್ಗಬೇಕಂತ. ನಾ ಒಲ್ಲೆ ಅಂದೀನಿ ಅಕ್ಕಾ. ಆಶೀರ್ವಾದ ಆದ್ರ ಆಗಲಿ ಅಂತ ಸುಮ್ಮನಿದ್ದೆ. ಇದು ಅಜ್ಜಾರ ಪಟ್ಟ. ಯಾರ ಮುಂದೂ ಅನಬ್ಯಾಡ."

ಕಟ್ ಮಾಡಿದ. ಈಗಷ್ಟೇ ಆದದ್ದು! ಒಂದು ಯುಗವಾದ ಹಾಗಿದೆ.

ಏಪ್ರಿಲ್ 9

ವಾಟ್ಸಾಪ್ ಗ್ರೂಪಿನಲ್ಲಿ ಬೆಂಕಿ. ನಮ್ಮೂರ ಮಠಕ್ಕೆ ಅವಮಾನವಾಯಿತಂತೆ. ಡೆಟ್ರಾಯಿಟ್ ಕಡೆಯ ಭಕ್ತರೊಬ್ಬರು ಬರೆದಿದ್ದಾರೆ, 'ಮಠದ ಒಳಗಿನವರೇ ಯಾರೋ ಹೇಳಿಕೊಟ್ಟು ಬರೆಸಿದ್ದಾರೆ.'

ಕೂತು ಉದ್ದ ಮೆಸೇಜು ಬರೆದೆ. ಇದು ಹಳೆಯ ಬ್ರಿಟಿಷ್ ಕಾಮಿಡಿಯ ರೂಪಾಂತರ, ಯಾರ ಮನಸ್ಸಿಗಾದರೂ ನೋವಾಗಿದ್ದರೆ ಕ್ಷಮೆಯಿರಲಿ. ಮಠದಲ್ಲಿ ಸೇವೆ ಮಾಡುವ ನನ್ನ ತಮ್ಮ ದೇವೇಂದ್ರನಿಗೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ಕಳಿಸಿ, ಚಹಾ ಮಾಡಿಕೊಂಡೆ. ಎಷ್ಟು ನೀಟಾಗಿ ಬರೆದೆ ಎಂದು ನನಗೆ ನಾನೇ ಶಹಬ್ಬಾಸ್ ಕೊಟ್ಟುಕೊಂಡೆ.

ರಾಜಶೇಖರ್ ಫೋನ್ ಮಾಡಿದರು. "ಅವರೇನ ದೇವೇಂದ್ರನ ಹೆಸರು ತಗದಿದ್ರೇನ?"

"ಇಲ್ಲ."

"ಮತ್ತ ನೀ ಯಾಕ ತಗದಿ?"

ಡಿಲೀಟ್ ಮಾಡಿದೆ. ಅಷ್ಟರಲ್ಲಿ ಎಲ್ಲರೂ ನೋಡಿಯಾಗಿತ್ತು. ಮೂರ್ಖಳು. ಮೂರ್ಖಳು ನಾನು.

ಏಪ್ರಿಲ್ 13, ಭಾನುವಾರ

ಶಿವಬಸಪ್ಪ ಅಂಕಲ್ ಬಂದಿದ್ದರು. ಮಠದ ಅಮೆರಿಕಾ ಟ್ರಸ್ಟಿನ ಅಧ್ಯಕ್ಷರು, ಸ್ಟರ್ಲಿಂಗ್ ಹೈಟ್ಸಿನಿಂದ ಡ್ರೈವ್ ಮಾಡಿಕೊಂಡು ಬಂದಿದ್ದು. ಕಿತ್ತಳೆ ಹಣ್ಣಿನ ಚೀಲ ಕೈಯಲ್ಲಿ. ಮಾತೆಲ್ಲ ಬೆಣ್ಣೆ.

"ನಿಮ್ಮ ತಮ್ಮಾರು ಮಠದಾಗ ಅದಾರ ಅಂತ ನಮಗ ಗೊತ್ತ ಇರಲಿಲ್ಲ ನೋಡ್ರಿ. ಮೆಸೇಜ್ ನೋಡಿ ಭಾಳ ಸಂತೋಷ ಆತು."

ನಾನು ಡಿವಿಡಿ ಹಾಕಿ ತೋರಿಸಿದೆ. ಇನ್ನೇನು ಮಾಡಲಿ? ಇದೇ ನನ್ನ ಸಾಕ್ಷಿ. ಬಿಷಪ್ಪನ ತಲೆ ಆಡಿದಾಗಲೆಲ್ಲ ಟೀವಿಯೊಳಗಿನ ಜನ ಹೋ ಎಂದು ನಕ್ಕರು. ಅಂಕಲ್ ಕೈಕಟ್ಟಿ ಪೂರ್ತಿ ನೋಡಿದರು. ಚಹಾ ಮುಟ್ಟಲಿಲ್ಲ. ರಾಜಶೇಖರ್ ಬಾಗಿಲ ಬಳಿ ನಿಂತೇ ಇದ್ದರು. ಕೊನೆಗೆ ಕಿರಿಯ ಪಾದ್ರಿ ಪರದೆಯಿಂದ ಹೊರಬಂದು ತಪ್ಪೊಪ್ಪಿಕೊಂಡ.

"ಆಮೇಲ ಏನಾಗ್ತದರಿ ಆ ಹುಡುಗಗ?" ಅಂಕಲ್ ಕೇಳಿದರು.

"ಏನೂ ಇಲ್ಲ ಅಂಕಲ್. ಎಲ್ಲಾರೂ ನಗ್ತಾರ. ಅಲ್ಲಿಗೆ ಮುಗೀತದ."

"ಹೌದ? ನಮ್ಮ ಕಡೆ ಮಂದಿ ನಗೂದಿಲ್ರಿ."

ಹೊರಡುವಾಗ ದೇವೇಂದ್ರನ ಫೋನ್ ನಂಬರ್ ಕೇಳಿದರು. ಇಲ್ಲ ಎಂದೆ. ಪರವಾಗಿಲ್ಲ, ಸಿಗ್ತದ ಎಂದರು. ಅವರ ಕಾರು ನಮ್ಮ ಬಡಾವಣೆ ದಾಟುವವರೆಗೂ ಕಿಟಕಿಯಲ್ಲೇ ನಿಂತಿದ್ದೆ.

ಏಪ್ರಿಲ್ 16

ದೇವೇಂದ್ರನಿಗೆ ಹೇಳಿದೆ — ಬಿಟ್ಟು ಬಾ. ಹುಬ್ಬಳ್ಳಿಗೆ ಹೋಗು, ರೂಮು ಮಾಡು, ನಾನು ನೋಡಿಕೊಳ್ಳುತ್ತೇನೆ.

"ನಾ ಹೋದ್ರ ಅಜ್ಜಾರಿಗೆ ಗಂಜಿ ಯಾರು ಕುಡಸ್ತಾರ ಅಕ್ಕಾ? ಬ್ಯಾರೆಯವರ ಕೈಲೆ ಕುಡಿಯೂದ ಇಲ್ಲ."

ಬೈದೆ. ಅತ್ತೆ. ಅವನೇ ಸಮಾಧಾನ ಮಾಡಿದ, ನನ್ನನ್ನು!

ಏಪ್ರಿಲ್ 22

ಫೋನ್ ಸ್ವಿಚ್ ಆಫ್. ಶನಿವಾರದಿಂದ. ಟಿಕೆಟ್ ನೋಡುತ್ತಿದ್ದೇನೆ. ರಾಜಶೇಖರ್ ಹೇಳುತ್ತಾರೆ, "ಹೋಗಿ ಯಾರ್ನ ಕೇಳ್ತಿ?" ಅವರಿಗೂ ಹೆದರಿಕೆ, ನನಗೆ ಗೊತ್ತು. ಈ ವಾರ ಪ್ಲಾಂಟಿಗೆ ಹೋಗಲಿಲ್ಲ.

ವತ್ಸಲಾ ಆಂಟಿ ಫೋನ್ ಎತ್ತುತ್ತಿಲ್ಲ. ಸಂಘದ ಪೇಜಿನಿಂದ ಸ್ಕಿಟ್ ಹೋಗಿದೆ.

ಏಪ್ರಿಲ್ 30, ಬೆಳಿಗ್ಗೆ

ಬಸವ ಜಯಂತಿ. ಅಲ್ಲಿ ಸಂಜೆ. ರಾಜಶೇಖರ್ ಈ ವಾರವೂ ಪ್ಲಾಂಟಿಗೆ ಹೋಗಿಲ್ಲ; ಮಠದ ಲೈವ್ ಹಾಕಿಕೊಂಡು ಇಬ್ಬರೂ ಕೂತೆವು. ಹೂವಿನ ಮಂಟಪ, ಜನಸಾಗರ. ಅಜ್ಜಾರನ್ನು ಎತ್ತಿ ತಂದು ಕೂರಿಸಿದರು. ಎಷ್ಟು ಇಳಿದುಹೋಗಿದ್ದಾರೆ! ಕೆನ್ನೆ ಒಳಗೆ ಹೋಗಿದೆ. ಗಂಜಿ ಕುಡಿದು ಎಷ್ಟು ದಿನವಾಯಿತೋ.

ಮೈಕಿನಲ್ಲಿ ಕೇಳಿದರು, "ಅಪ್ಪಣೆ ಆಗಬೇಕು ಅಜ್ಜಾರ."

ಬೇಡ, ಬೇಡ ಎಂದು ನಾನು ಗಟ್ಟಿಯಾಗಿ ಅಂದೆನಂತೆ. ನನಗೆ ನೆನಪಿಲ್ಲ.

ತಲೆ ಬಾಗಿತು. ಜಯಘೋಷ. ಕ್ಯಾಮೆರಾ ಹಿಂದಕ್ಕೆ ಸರಿಯಿತು. ಬೆನ್ನ ಹಿಂದೆ ಚಾಮರ ಹಿಡಿದವನು ಬೇರೆ ಯಾರೋ. ದಪ್ಪ ಮೀಸೆ. ದೇವೇಂದ್ರ ಆ ಸಾಲಿನಲ್ಲೇ ಇಲ್ಲ. ರಾಜಶೇಖರ್ ಫ್ರೀಜ್ ಮಾಡಿ ಮಾಡಿ ಹುಡುಕಿದರು.

ಮೇ 1, ಬೆಳಿಗ್ಗೆ ಏಳು

ಮಠದ ಆಫೀಸಿಗೆ ಫೋನ್ ಮಾಡಿದೆ. ನನ್ನ ಹೆಸರು ಹೇಳದೆ ದೇವೇಂದ್ರ ಎಲ್ಲಿ ಎಂದು ಕೇಳಿದೆ. ಎತ್ತಿದವನು ಭಾರಿ ಮರ್ಯಾದೆಯವನು.

"ದೇವೇಂದ್ರಪ್ಪಾರ? ಅವರು ಸೇವಾ ಬಿಟ್ಟು ಹೋದ್ರಲ್ರಿ. ಅಕ್ಕನ ಮನಿಗೆ ಹೊಕ್ಕೀನಿ, ಇನ್ನ ಅಲ್ಲೇ ಇರ್ತೀನಿ ಅಂತ ಹೇಳಿ ಹೋಗ್ಯಾರ. ನಮ್ಮ ಗಾಡ್ಯಾಗನ ಕಳಿಸಿಕೊಟ್ವಿ."

ಅವನಿಗಿರುವ ಅಕ್ಕ ನಾನೊಬ್ಬಳೇ. ಅವನ ಹತ್ತಿರ ಪಾಸ್‌ಪೋರ್ಟೂ ಇಲ್ಲ.

ಗಾಡಿ ಎಲ್ಲಿಯವರೆಗೆ ಹೋಗಿತ್ತು ಎಂದು ಕೇಳಿದೆ. ಆ ಕಡೆ ಅವನು ರಿಸೀವರ್ ಮುಚ್ಚಿ ಯಾರನ್ನೋ ಕೇಳಿದ. ಮತ್ತೆ ಬಂದು, "ತಾವು ಯಾರ್ರಿ ಮಾತಾಡೂದು?" ಎಂದ. ದೇವೇಂದ್ರನ ಅಕ್ಕ ಎಂದೆ. ಅದಕ್ಕೆ ಅವನು ಅದೇ ಮರ್ಯಾದೆಯಿಂದ, "ಹಂಗಾರ ನಿಮ್ಮ ಮನಿಗೇ ಬಂದಿರಬೇಕಲ್ರಿ" ಎಂದು ಫೋನ್ ಇಟ್ಟ.