ಕಾಯಂ ಆಗಲಿರುವ ಎದುರಾಳಿಗೆ

ಹೊನ್ನಾಳಿ
೪-೨-೧೯೭೯

ಎಲೈ ಕೆನಡಾವಾಸಿ, ರಂಗದ ಮೇಲೆ ನನ್ನನ್ನು ಹದಿನಾರು ಸಲ ಕೊಂದ ಓಂಕಾರಪ್ಪನೇ,

ನಿನ್ನ ಕಾಗದ ಬಂದ ದಿನವೇ ನನಗೆ ವಾಸನೆ ಹೊಡೆದಿತ್ತು. ‘ಕೆಲಸದ ವೀಸಾ ಇನ್ನೆರಡು ವರ್ಷ ಮುಂದುವರಿಸಬಹುದು, ಇಲ್ಲವೇ ಕಾಯಂ ವಾಸಕ್ಕೆ ಅರ್ಜಿ ಹಾಕಿ ಹೆಂಡತಿ ಮಗಳನ್ನು ಕರೆಸಿಕೊಳ್ಳಬಹುದು. ಯಾವುದು ಸರಿ, ನೀನೇ ಹೇಳಪ್ಪಾ’ ಎಂದಿದ್ದೆ. ಆಹಾ, ಏನು ವಿನಯ! ಅದೇ ಕಾಗದದ ಅಂಚಿನಲ್ಲಿ, ಶಿವಗಂಗಮ್ಮನ ಜನನ ಪತ್ರವನ್ನು ಅವಳ ತವರು ಜಗಳೂರಿನ ಕಚೇರಿಯಿಂದ ತೆಗೆಸಿ ಕಳಿಸು ಎಂದೂ ಇತ್ತು. ಎರಡು ವರ್ಷಕ್ಕೆ ಮರಳುವವನಿಗೆ ಹೆಂಡತಿಯ ಜನನ ಪತ್ರ ಯಾತಕ್ಕಯ್ಯಾ? ತೀರ್ಪು ಬರೆದಿಟ್ಟುಕೊಂಡು ಪಂಚಾಯಿತಿ ಕರೆದವನು ನೀನು!

ಅಂದಿನಿಂದ ನಿನ್ನ ಹಳೆಯ ಕಾಗದಗಳನ್ನೆಲ್ಲ ತನಿಖೆಗೆ ಕೂರಿಸಿದೆ. ಫೋಟೋದಲ್ಲಿ ಮೀಸೆ ಇಲ್ಲ. ಮೀಸೆ ಬೋಳಿಸಿದ ನಾಯಕ ಯಾವ ಊರಿಗೆ ಮರಳಿದ್ದಾನೆ? ‘ನಮ್ಮಲ್ಲಿ ಹಿಮ ಬಿತ್ತು’ ಎಂದಿದ್ದೆ. ನಮ್ಮಲ್ಲಿ! ಆ ಪದದ ಕೆಳಗೆ ಕೆಂಪು ಪೆನ್ಸಿಲಿನ ಗೆರೆ ಎಳೆದೆ.

ಈಗ ಕೇಳು. ಜನನ ಪತ್ರ ಒಂದೇ ಓಡಾಟಕ್ಕೆ ಸಿಕ್ಕಿತ್ತು. ನಾಲ್ಕು ತಿಂಗಳಿಂದ ಅದು ನನ್ನ ಹಾರ್ಮೋನಿಯಂ ಪೆಟ್ಟಿಗೆಯಲ್ಲಿದೆ. ಶಿವಗಂಗಮ್ಮ ನ್ಯಾಮತಿಯಿಂದ ಬಂದು ಕೇಳಿದಾಗಲೆಲ್ಲ, ಹಳೆಯ ದಫ್ತರು ಇನ್ನೂ ಹುಡುಕುತ್ತಿದ್ದಾರೆ ಎಂದು ಕಂಠ ತುಂಬಿ ನುಡಿದೆ. ಫೆಬ್ರವರಿ ಕೊನೆಯೊಳಗೆ ಪತ್ರ ಸೇರದಿದ್ದರೆ ಅರ್ಜಿ ಬಿದ್ದುಹೋಗುತ್ತದೆಂದು ನೀನು ಬರೆದ ಮೇಲೂ ಕಳಿಸಲಿಲ್ಲ.

ನೆನ್ನೆ ಆಕೆ ಜಗಳೂರಿನ ಬಸ್ಸಿಳಿದು ನೇರ ಬಂದಳು. ಕೂರಲಿಲ್ಲ.

“ಅಣ್ಣಾರೆ, ಕಚೇರಿಯಾಗೆ ನಿಮ್ಮ ಸಹಿ ತೋರ್ಸಿದ್ರು. ಭಾಳ ಚೆಂದ ಐತೆ ಸಹಿ. ನನ್ನ ಮಗಳು ಅಪ್ಪನ್ನ ಫೋಟೋದಾಗೆ ಮಾತ್ರ ನೋಡ್ಯಾಳೆ. ಅವರು ಬಣ್ಣ ಒರೆಸ್ದೆ ಹೋದ್ರು ಅಂತ ಹಗೇನ ಮನಿಗೆ ತಂದ್ಕಂಡ್ರೇನು?”

ಅವಳಿಗೂ ಗೊತ್ತಿತ್ತು, ನೋಡು. ಕೊಂದವನು ಸತ್ತವನ ಬಣ್ಣವನ್ನು, ಸತ್ತವನು ಕೊಂದವನ ಬಣ್ಣವನ್ನು ಕೊಬ್ಬರಿ ಎಣ್ಣೆಯಿಂದ ಒರೆಸಿದ ಮೇಲೆಯೇ ಮನೆಗೆ ಹೋಗುವುದು ನಮ್ಮ ಮೇಳದ ಪದ್ಧತಿ. ಕಡೆಯ ನಾಟಕ ಮುಗಿದ ಬೆಳಿಗ್ಗೆ ಬಸ್ಸಿನ ಹಾರನ್ ಕೇಳಿ ನೀನು ಬಣ್ಣದ ಮುಖದಲ್ಲೇ ಓಡಿಬಿಟ್ಟೆ. ನನ್ನ ಮುಖವನ್ನು ನಾನೇ ತೊಳೆದುಕೊಂಡೆ. ಸರಿಯಾಗಿ ಹೋಗಲಿಲ್ಲವೆಂದು ಕಾಣುತ್ತದೆ.

ಜನನ ಪತ್ರ ಇದರ ಜೊತೆಗಿದೆ, ರಿಜಿಸ್ಟರ್ ಮಾಡಿ ಕಳಿಸುತ್ತಿದ್ದೇನೆ. ಸಮಯಕ್ಕೆ ಸೇರದಿದ್ದರೆ ತಪ್ಪು ಅಂಚೆಯದಲ್ಲ, ನನ್ನದು. ನನ್ನ ತೀರ್ಪು ಕೇಳಿದ್ದೆಯಲ್ಲ? ಕಾಯಂ. ಬೇಸಿಗೆಗೆ ಬರುತ್ತೇನೆ ಎಂದು ಬರೆಯಬೇಡ, ನಂಬುವುದಿಲ್ಲ.

ಶಿವಗಂಗಮ್ಮನ ಟ್ರಂಕಿನಲ್ಲಿ ಒಂದು ಸೀಸೆ ಕೊಬ್ಬರಿ ಎಣ್ಣೆ ಇಡುತ್ತೇನೆ. ಆ ಚಳಿಗೆ ಗಡ್ಡೆ ಕಟ್ಟೀತು. ಬಿಸಿ ಮಾಡಿ ಕನ್ನಡಿಯ ಮುಂದೆ ಮುಖಕ್ಕೆ ಸವರಿಕೋ, ನನ್ನ ಕೈ ಎಂದುಕೋ.

ಮೂವರೂ ಒಂದೇ ಒಲೆಯ ಮುಂದೆ ಕೂತು ಉಣ್ಣುವಂತಾಗಲಿ.

ಹದಿನೇಳನೆಯ ಸಲ ಸತ್ತ,
ನಿನ್ನ ಮುರುಗೇಶಪ್ಪ