ಗಂಟಲಿಗೆ ರಜೆ ಬಿದ್ದ ಕ್ರಿಸ್ಮಸ್

ಡಿಸೆಂಬರ್ ೧೦, ಬುಧವಾರ. ಬೆಳಗ್ಗೆ ೭

ಆವಿ ಹಿಡಿದದ್ದಾಯಿತು. ಮಾತ್ರೆಯೂ ಇಳಿಯಿತು. ಇನ್ನು ಶೇವಿಂಗ್.

ಬಾಯಿಗೆ ಬೀಗ ಬಿದ್ದು ಮೂರನೆಯ ದಿನ. ಸೋಮವಾರ ಗಂಟಲಿನ ಡಾಕ್ಟರು ಸ್ವರತಂತುವಿನ ಮೇಲಿದ್ದ ಗಡ್ಡೆಯಿಂದ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಮೂರು ವಾರ ತುಟಿ ಪಿಟಕ್ ಎನ್ನುವಂತಿಲ್ಲ. ಪಿಸುಮಾತು ಇನ್ನೂ ಕೆಟ್ಟದ್ದಂತೆ. ಗಡ್ಡೆ ಒಳ್ಳೆಯದೋ ಕೆಟ್ಟದ್ದೋ ಇಪ್ಪತ್ತನೆಯ ತಾರೀಖಿನೊಳಗೆ ಗೊತ್ತಾಗುತ್ತದೆ. ಒಳ್ಳೆಯ ಗಡ್ಡೆ! ಅಂಥದ್ದೂ ಇರುತ್ತದಂತೆ.

ಅದಕ್ಕೇ ಈ ಡೈರಿ. ಯಾರನ್ನಾದರೂ ಬಯ್ಯಬೇಕೆನಿಸಿದರೆ ಇಲ್ಲೇ.

ಅದೇ ದಿನ, ಮಧ್ಯಾಹ್ನ

ಹದಿನೆಂಟು ವರ್ಷದಿಂದ ಈ ಕನ್ನಡಕದಂಗಡಿಯಲ್ಲಿ ಕಣ್ಣು ಪರೀಕ್ಷೆ ನನ್ನ ಕೆಲಸ. 'ಇದು ಸ್ಪಷ್ಟವಾ? ಈಗ? ಮೊದಲಿನದ್ದೇ ವಾಸಿಯಾ?' — ದಿನಕ್ಕೆ ಇನ್ನೂರು ಸಲ. ಈಗ ಮಾಲೀಕರು ಹಿಂದಿನ ಕೋಣೆಗೆ ಹಾಕಿದ್ದಾರೆ. ಲೆನ್ಸ್ ಉಜ್ಜುವುದು. ಚಕ್ರ ತಿರುಗುತ್ತದೆ, ನೀರು ತೊಟ್ಟಿಕ್ಕುತ್ತದೆ, ಅಂಚು ಸವೆಯುತ್ತದೆ. ಒಬ್ಬರು ಇಣುಕಿ ನೋಡಿದರು. ನಾನು ಗಂಟಲು ತೋರಿಸಿ ಕೈಯಾಡಿಸಿದೆ. ಅವರು ಕಿವಿಯ ಹತ್ತಿರ ಬಂದು ಕಿರುಚಿದರು: "ನನ್-ಕನ್-ನಡಕ-ರೆಡೀನಾ?"

ಮಾತು ಹೋಗಿದೆ ಸ್ವಾಮಿ, ಕಿವಿ ಅಲ್ಲ.

ಡಿಸೆಂಬರ್ ೧೪, ಭಾನುವಾರ

ಚರ್ಚಿನ ಹಾಡುಗಾರರ ತಂಡದ, ಅಂದರೆ ಕ್ವಯರಿನ, ಪ್ರಾಕ್ಟೀಸ್. ಇಪ್ಪತ್ತೆರಡು ವರ್ಷ ನಾನೇ ನಡೆಸಿದ ಕ್ವಯರ್. ಈ ಕ್ರಿಸ್ಮಸ್‌ಗೆ ಕೀಬೋರ್ಡ್ ಆಂಟಿ ನಡೆಸುತ್ತಾರೆ. ನುಡಿಸುತ್ತಲೇ ತಲೆಯಾಡಿಸಿ ತಾಳ ಕೊಡುತ್ತಾರೆ. ಯಾರಿಗೂ ಕಾಣುವುದಿಲ್ಲ.

"ಬೈಬಲ್ಲಲ್ಲಿ ದೇವದೂತನ ಮಾತು ನಂಬದೆ ಮೂಗನಾದ್ನಲ್ಲ ಮುದುಕ ಯಾಜಕ, ಹಂಗಾಯ್ತು ನಿಮ್ಮ ಕಥೆ" ಎಂದರು ಆಂಟಿ. "ಅವನಿಗೆ ಮಗ ಹುಟ್ಟಿದ್ಮೇಲೆ ಮಾತು ಬಂತು. ನಿಮಗೆ ರಿಪೋರ್ಟ್ ಬಂದ್ಮೇಲೆ!"

ಎಲ್ಲರೂ ನಕ್ಕರು. ಆಮೇಲೆ 'ರಿಪೋರ್ಟ್' ಎಂಬ ಪದ ಎಲ್ಲರಿಗೂ ಒಟ್ಟಿಗೆ ಕೇಳಿಸಿತು. ಸ್ವರದ ಹಾಳೆಗಳನ್ನು ಹುಡುಕತೊಡಗಿದರು.

ಡಿಸೆಂಬರ್ ೧೬, ಸಂಜೆ ೭

ಹೆಂಡತಿ ಬಟ್ಟೆ ಮಡಿಸುತ್ತ ಮಾತಾಡುತ್ತಿದ್ದಳು. ಒಂದು ವಾರದಿಂದ ಹೀಗೇ. ಮಧ್ಯೆ ಬಾಯಿ ಹಾಕುವವನಿಲ್ಲವಲ್ಲ. ಅವಳ ಪೋಸ್ಟ್ ಆಫೀಸು, ವಿಳಾಸ ಅಳಿಸಿಹೋದ ಪಾರ್ಸೆಲ್, ಪಕ್ಕದ ಕೌಂಟರಿನವಳ ಮಂಡಿನೋವು... ಇದ್ದಕ್ಕಿದ್ದಂತೆ,

"ಒಂದು ವಿಷ್ಯ ಕೇಳ್ಲಾ? ಉತ್ತರ ಬೇಡ. ಹೇಗೂ ಕೊಡಕ್ಕಾಗಲ್ವಲ್ಲ."

ತಲೆಯಾಡಿಸಿದೆ.

"ಮದ್ವೆಯಾದ ವರ್ಷ, ಕ್ವಯರಲ್ಲಿ, ಎಲ್ಲರ ಮುಂದೆ ನನಗೇನಂದ್ರಿ, ನೆನಪಿದ್ಯಾ?"

ಇರಲಿಲ್ಲ.

"'ನಿನ್ನ ಶ್ರುತಿ ನೆಟ್ಟಗಿಲ್ಲ. ಸುಮ್ನೆ ಬಾಯಿ ಆಡಿಸು, ದನಿ ಬೇಡ' ಅಂದ್ರಿ. ಎಲ್ಲ ನಕ್ಕರು. ನಾನೂ ನಕ್ಕೆ. ಅವತ್ತಿಂದ ಬಾಯಿ ಆಡಿಸ್ತಾನೇ ಇದ್ದೀನಿ."

ಚೀಟಿಯಲ್ಲಿ ಬರೆದೆ: ಆರಾಧನೆಯಲ್ಲೂ?

"ಆರಾಧನೇಲೂ. ಪಾತ್ರೆ ತೊಳೆಯುವಾಗ್ಲೂ. ಇಪ್ಪತ್ತೊಂದು ವರ್ಷ."

ಕೊನೆಯ ಟವೆಲ್ ಮಡಿಸಿ ಎದ್ದು ಹೋದಳು. ಸಿಟ್ಟಿನಲ್ಲಲ್ಲ. ಅದೇ ಹೆದರಿಕೆ ಹುಟ್ಟಿಸಿತು.

ಡಿಸೆಂಬರ್ ೨೦

ನಾಲ್ಕು ದಿನ ಬರೆಯಲಿಲ್ಲ. ಬರೆಯಲು ಕೂತರೆ ಆ ಟವೆಲ್.

ಆಸ್ಪತ್ರೆಯಿಂದ ಫೋನು. ಅವಳೇ ಎತ್ತಿದಳು. ಚೂರನ್ನು ಇನ್ನೊಂದು ಲ್ಯಾಬಿಗೆ ಕಳಿಸಿದ್ದಾರಂತೆ, ಖಚಿತ ಮಾಡಿಕೊಳ್ಳಲು. ಇಪ್ಪತ್ತೇಳಕ್ಕೆ ಬರಬೇಕಂತೆ. ಖಚಿತ ಮಾಡಿಕೊಳ್ಳುವುದು ಏನನ್ನು?

ಪ್ರಾರ್ಥಿಸಲು ನೋಡಿದೆ. ದನಿಯಿಲ್ಲದೆ ಅಭ್ಯಾಸವಿಲ್ಲ. ಎರಡನೆಯ ವಾಕ್ಯಕ್ಕೇ ಮನಸ್ಸು ಲೆನ್ಸಿನ ನಂಬರಿಗೆ ಜಾರುತ್ತದೆ. 'ಈ ಸಲ ಕ್ರಿಸ್ಮಸ್ ಬೇಡ' ಎಂದು ಬರೆದು ಅವಳ ಕೈಗೆ ಕೊಟ್ಟೆ. ಅವಳು ಕಿಟಕಿಗೆ ನಕ್ಷತ್ರ ಕಟ್ಟುತ್ತಿದ್ದಳು.

"ನೀವು ಬೇಡ ಅಂದ್ರೆ ಅದು ನಿಂತುಹೋಗುತ್ತಾ?" ಎಂದಳು. "ಸ್ಟೂಲು ಸರಿಯಾಗಿ ಹಿಡ್ಕೊಳ್ಳಿ."

ಡಿಸೆಂಬರ್ ೨೫. ಮಧ್ಯಾಹ್ನ ೧

ಬೇಗ ಬರೆದುಬಿಡಬೇಕು. ಇಲ್ಲದಿದ್ದರೆ ನಾನೇ ನಂಬುವುದಿಲ್ಲ.

ಚರ್ಚಿನ ನಾಲ್ಕನೆಯ ಬೆಂಚು, ಅವಳ ಪಕ್ಕ. ಕ್ರಿಸ್ಮಸ್ ದಿನ ನಾನು ಬೆಂಚಿನಲ್ಲಿ ಕೂತದ್ದೇ ಇಲ್ಲ. ಸದಾ ಕ್ವಯರಿನ ಎದುರು, ಸಭೆಗೆ ಬೆನ್ನು. ಮೊದಲ ಹಾಡಿಗೇ ಕೀಬೋರ್ಡ್ ಆಂಟಿ ಬಸ್ಸು ತಪ್ಪಿಹೋಗುವವರ ಹಾಗೆ ತಾಳ ಓಡಿಸಿದರು. ನನ್ನ ಕೈ ತನ್ನಷ್ಟಕ್ಕೇ ಏಳುತ್ತಿತ್ತು. ತೊಡೆಯ ಕೆಳಗೆ ಒತ್ತಿಕೊಂಡು ಕೂತೆ.

ಆಮೇಲೆ ಪಕ್ಕಕ್ಕೆ ನೋಡಿದೆ. ಅವಳ ತುಟಿ ಆಡುತ್ತಿತ್ತು. ಪ್ರತಿ ಅಕ್ಷರವೂ ಸರಿಯಾಗಿ. ದನಿ ಇಲ್ಲ.

ಕಾಣಿಕೆ ಕವರಿನ ಮೇಲೆ ಬರೆದೆ: ಹಾಡು.

ಓದಿದಳು. ಮುಂದೆ ನೋಡಿದಳು. ಒಂದು ಚರಣ ಪೂರ್ತಿ ಹೋಯಿತು. ಆಮೇಲೆ ಬಂತು — ತುಕ್ಕು ಹಿಡಿದ ಗೇಟು ತೆರೆದ ಹಾಗೆ. ಶ್ರುತಿಗಿಂತ ಅರ್ಧ ಸ್ವರ ಕೆಳಗೆ, ಕೆಲವು ಕಡೆ ಒಂದೂವರೆ. ಮುಂದಿನ ಬೆಂಚಿನವರು ತಿರುಗಿ ನೋಡಿದರು. ಅವಳು ನಿಲ್ಲಿಸಲಿಲ್ಲ.

ಆಗ ನನಗೆ ಏನೋ ಆಯಿತು.

ಏನು? ಸಮಾಧಾನವಲ್ಲ. ಗಂಟಲಲ್ಲಿ ಮುಳ್ಳು ಹಾಗೇ ಇತ್ತು, ರಿಪೋರ್ಟ್ ಎಲ್ಲೋ ಇತ್ತು. ನಗು ಬಂತು. ನಗುವಂತಿಲ್ಲ, ಸದ್ದಾಗುತ್ತದೆ. ಹೊಟ್ಟೆ ಹಿಡಿದುಕೊಂಡೆ, ಕಣ್ಣಲ್ಲಿ ನೀರು. ಮಗು ಹುಟ್ಟಿದೆ ಎಂದು ಯಾರೋ ಈಗಷ್ಟೇ ಬಾಗಿಲಿಗೆ ಬಂದು ಹೇಳಿದ ಹಾಗೆ. ಇಪ್ಪತ್ತೆರಡು ವರ್ಷ ಆ ಸುದ್ದಿಯನ್ನು ನಾಲ್ಕು ದನಿಗಳಲ್ಲಿ ಹಾಡಿಸಿದ್ದೇನೆ. ಕೇಳಿಸಿಕೊಂಡಿರಲಿಲ್ಲ.

ಮನೆಗೆ ಬಂದು ಮಾತ್ರೆಯ ಜೊತೆಗಿನ ಕಾಗದ ಓದಿದೆ. ಅಡ್ಡಪರಿಣಾಮ: ತೂಕಡಿಕೆ, ಹುಳಿತೇಗು, ತುರಿಕೆ. ಸಂತೋಷ ಇಲ್ಲ.

ಅದೇ ದಿನ, ೩ ಗಂಟೆ

ಬರೆಯದೆ ಬಿಟ್ಟದ್ದು: ವಾಪಸು ಬರುವಾಗ ಅವಳು ಹತ್ತು ಹೆಜ್ಜೆ ಮುಂದೆ ನಡೆದಳು. ಮೂಲೆಯ ಔಷಧಿ ಅಂಗಡಿಯ ಹತ್ತಿರ ನಿಂತಳು. ಕಣ್ಣು ಕೆಂಪಗಿತ್ತು.

"ನಿಮ್ಮ ಅಪ್ಪಣೆ ಚೀಟಿ ಬರೋವರೆಗೂ ಕಾದ್ನಲ್ಲ ನಾನು. ನಿಮಗಿಂತ ನನ್ನ ಮೇಲೇ ಸಿಟ್ಟು ಬರ್ತಿದೆ."

ಖುಷಿ ನನಗೆ, ಸಿಟ್ಟು ಅವಳಿಗೆ. ಇದೆಂಥ ಲೆಕ್ಕ?

ಡಿಸೆಂಬರ್ ೨೬

ಬೆಳಗ್ಗೆ ದೊಡ್ಡ ಹಾಳೆಯಲ್ಲಿ ಕ್ಷಮೆ ಕೇಳಿ ಬರೆದು ಕಾಫಿ ಲೋಟದ ಕೆಳಗಿಟ್ಟೆ. ಓದಿ, ಮಡಿಸಿ, ವಾಪಸು ಕೊಟ್ಟಳು.

"ಬರೆದದ್ದು ಬೇಡ. ಅವತ್ತು ಬಾಯಲ್ಲಿ ಅಂದ್ರಿ. ಇದನ್ನೂ ಬಾಯಲ್ಲೇ ಹೇಳಿ, ದನಿ ಬಂದಾಗ."

ಬರದಿದ್ದರೆ?

ಅಂಗಡಿಗೆ ಪಾಸ್ಟರ್ ಬಂದರು. ಕನ್ನಡಕದ ಸ್ಕ್ರೂ ಸಡಿಲ. ಹಿಂದಿನ ಕೋಣೆಗೇ ಬಂದು ಸ್ಟೂಲಿನ ಮೇಲೆ ಕೂತರು. ಬರೆದು ಕೊಟ್ಟೆ: 'ರಿಪೋರ್ಟ್ ಬಂದಿಲ್ಲ. ಮನೆಯಲ್ಲಿ ಸಿಟ್ಟು. ಆದರೂ ನಿನ್ನೆಯಿಂದ ಸಂತೋಷ ಹೋಗುತ್ತಿಲ್ಲ. ಇದು ದೇವರದ್ದಾ, ನನ್ನ ಭ್ರಮೆಯಾ?'

ಚೀಟಿಯನ್ನು ಮೂಗಿಗೆ ಹಿಡಿದು ಎರಡು ಸಲ ಓದಿದರು.

"ನನ್ನನ್ನ ಕೇಳ್ತೀರಲ್ಲ," ಎಂದರು. "ನಿನ್ನೆ ಇದರ ಬಗ್ಗೆನೇ ನಲವತ್ತು ನಿಮಿಷ ಮಾತಾಡ್ದೆ. ನನಗೆ ಅದು ಕೊನೇ ಸಲ ಬಂದು ಮೂರು ವರ್ಷ ಆಯ್ತು."

ಚಕ್ರ ನಿಲ್ಲಿಸಿದೆ.

"ಹೇಗಿತ್ತು? ಬರೀರಿ. ಪೂರ್ತಿ ಬರೀರಿ. ನಾನು ಕಾಯ್ತೀನಿ."

ಎರಡು ಹಾಳೆ ಬರೆದೆ. ಪಾಸ್ಟರ್ ಅದನ್ನು ಒಳಜೇಬಿನಲ್ಲಿಟ್ಟುಕೊಂಡು ಹೊರಟರು. ಕನ್ನಡಕ ಮರೆತರು. ಹಿಂದೆ ಓಡಿಹೋಗಿ ಕೊಟ್ಟೆ — ಕೂಗಲಾಗುವುದಿಲ್ಲವಲ್ಲ.

ಡಿಸೆಂಬರ್ ೨೭

ಕೆಟ್ಟದ್ದು.

ಡಾಕ್ಟರು ನೇರವಾಗಿ ಹೇಳಿದರು. "ಕ್ಯಾನ್ಸರೇ. ಆದ್ರೆ ಚಿಕ್ಕದು, ಬೇಗ ಸಿಕ್ಕಿದೆ. ಆರು ವಾರ ರೇಡಿಯೇಶನ್. ವಾಸಿಯಾಗೋ ಸಾಧ್ಯತೆನೇ ಜಾಸ್ತಿ."

ನಾನು ಪೆನ್ನು ಹುಡುಕುವಷ್ಟರಲ್ಲಿ ಅವಳು ಕೇಳಿದಳು, "ಹಾಡಕ್ಕಾಗುತ್ತಾ ಇವರಿಗೆ?"

"ಮಾತು ಬರುತ್ತೆ. ಹಾಡು... ಹೇಳಕ್ಕಾಗಲ್ಲ."

ಹೊರಗೆ ಪ್ಲಾಸ್ಟಿಕ್ ಕುರ್ಚಿ. ಮಂಡಿ ನಡುಗುತ್ತಿತ್ತು, ನಿಲ್ಲಿಸಲಾಗಲಿಲ್ಲ. ಸತ್ತೇಹೋಗುತ್ತೇನೇನೋ ಎಂಬ ಭಯ, ಸುಳ್ಳೇಕೆ. ಆದರೆ ಅದೂ ಇತ್ತು. ಕ್ರಿಸ್ಮಸ್ ದಿನದ ಆ ಸಂತೋಷ. ಹೋಗಿರಲಿಲ್ಲ. ಕರೆಯದೆ ಬಂದ ನೆಂಟನ ಹಾಗೆ, ಭಯದ ಪಕ್ಕದಲ್ಲೇ.

"ನಗ್ತಿದ್ದೀರಾ, ಅಳ್ತಿದ್ದೀರಾ?" ಅವಳು ಬಗ್ಗಿ ನನ್ನ ಮುಖ ನೋಡಿದಳು.

ಬರೆದೆ: ಗೊತ್ತಿಲ್ಲ.

"ನನಗೂ," ಎಂದಳು. ನನ್ನ ಮಂಡಿಯ ಮೇಲೆ ಕೈಯಿಟ್ಟಳು. ನಡುಕ ನಿಲ್ಲಲಿಲ್ಲ. ಅವಳು ಕೈ ತೆಗೆಯಲಿಲ್ಲ.

ಡಿಸೆಂಬರ್ ೨೯, ಸೋಮವಾರ. ಸಂಜೆ ೫.೩೦

ಇವತ್ತಿನಿಂದ ದಿನಕ್ಕೆ ಐದು ನಿಮಿಷ ಮಾತಾಡಬಹುದು. ಮೆಲ್ಲಗೆ. ರೇಡಿಯೇಶನ್ ಮುಂದಿನ ವಾರದಿಂದ. ಮಾಲೀಕರು "ಏನಾದ್ರೂ ಅನ್ನಿ, ಕೇಳೋಣ" ಎಂದು ಗೋಗರೆದರು. ತಲೆಯಲ್ಲಾಡಿಸಿದೆ. ಐದೂ ನಿಮಿಷ ಹಾಗೇ ಉಳಿಸಿಕೊಂಡಿದ್ದೇನೆ.

'ತಪ್ಪಾಯಿತು.' ಅಷ್ಟು ಹೇಳಬೇಕು. ಉಳಿದದ್ದು ಆಮೇಲೆ.

ಒಂದೇ ಗೊಂದಲ. ಈ ಮೂರು ವಾರವೂ ಅವಳು ಬಾಗಿಲು ತೆಗೆಯುತ್ತಲೇ "ಇದ್ದೀರಾ?" ಎಂದು ಕೂಗುತ್ತಾಳೆ. ಉತ್ತರ ಬರುವುದಿಲ್ಲವೆಂದು ಗೊತ್ತು. ತಾನೇ "ಇದ್ದೀರಿ ಬಿಡಿ" ಎಂದುಕೊಂಡು ಚಪ್ಪಲಿ ಬಿಡುತ್ತಾಳೆ. ಮೊದಲು ಅದಕ್ಕೆ ಉತ್ತರ ಕೊಡಬೇಕಲ್ಲವೇ? ಇದ್ದೀನಿ ಎಂದು? ಅಥವಾ 'ತಪ್ಪಾಯಿತು' ಎನ್ನುವುದೇ ಮೊದಲು? ದನಿ ಹೇಗಿರುತ್ತದೋ. ಯಾರದೋ ದನಿ ಎಂದು ಬೆಚ್ಚಿಬಿದ್ದರೆ...

ಮೆಟ್ಟಿಲ ಮೇಲೆ ಸದ್ದು. ಅವಳದೇ ನಡಿಗೆ. ದೇವರೇ, ಸ್ವಲ್ಪ ಸಾಕು. ಚೆನ್ನಾಗಿರಬೇಕೆಂದಿಲ್ಲ.

ಕೀಲಿ ತಿರುಗಿತು. "ಇದ್ದೀರಾ?" ಎಂದು ಕೇಳಿದಳು. ನಾನು—